ಪೇಪರ್ ಜಾಹೀರಾತು, ಕ್ಲಿಕ್ಕಿನ ಲೆಕ್ಕ
ಇವತ್ತು ಕೂತು ಜಾಹೀರಾತಿನ ಖರ್ಚು ಲೆಕ್ಕ ಹಾಕ್ತಿದ್ದೆ. ಪೇಪರ್‌ನವ್ರು ಚದರ ಸೆಂಟಿಮೀಟರ್ ಲೆಕ್ಕದಲ್ಲಿ ರೇಟ್ ಹೇಳ್ತಾರೆ, ಟಿವಿಯವ್ರು 10 ಸೆಕೆಂಡಿಗೆ ಇಷ್ಟು ಅಂತಾರೆ, ಯಾರು ನೋಡಿದ್ರು ಯಾರು ಪುಟ ತಿರುವಿ ಹೋದ್ರು ಗೊತ್ತಾಗಲ್ಲ. ಆನ್‌ಲೈನಲ್ಲಿ 1000 ಸಲ ತೋರಿಸಿದ್ದಕ್ಕೆ ಇಷ್ಟು ಇಲ್ಲಾ ಒಂದು ಕ್ಲಿಕ್ಕಿಗೆ ಇಷ್ಟು, ಸಣ್ಣ ಬಜೆಟ್ಟಲ್ಲೇ ಶುರು ಮಾಡಬಹುದು, ಬೇಡ ಅನ್ಸಿದ್ರೆ ರಾತ್ರೋರಾತ್ರಿ ನಿಲ್ಲಿಸಬಹುದು. ಆದ್ರೆ ಅಲ್ಲಿ ಜಾಹೀರಾತು ತೋರಿಸೋ ಜಾಗಕ್ಕೆ ನಡೆಯೋದು ಹರಾಜು, ಸೀಸನ್ ಬಂದು ಎಲ್ರೂ ಒಟ್ಟಿಗೆ ಬಿಡ್ ಮಾಡಿದ್ರೆ ಅದೇ ಕ್ಲಿಕ್ಕಿನ ರೇಟ್ ಏರುತ್ತೆ, ಗೊತ್ತಿಲ್ದೆ ಬೆರಳು ತಾಗಿದ ಕ್ಲಿಕ್ಕೂ ಎಷ್ಟೋ ಸಲ ಬಿಲ್ಲಿಗೆ ಸೇರುತ್ತೆ. ಹೋದ್ವಾರ ಒಬ್ರು ನಮ್ಮ ಹಳೇ ಪೇಪರ್ ಜಾಹೀರಾತು ಕತ್ತರಿಸಿ, ನಾಲ್ಕು ಮಡಿಕೆ ಮಾಡಿ ಪರ್ಸಲ್ಲಿಟ್ಕೊಂಡು ಬಂದಿದ್ರು, ಮಡಿಕೆ ಹತ್ರ ಅಕ್ಷರ ಅರ್ಧ ಅಳಿಸೋಗಿತ್ತು. ನೋಡಿ ತುಂಬಾ ಖುಷಿಯಾಯ್ತು. ಈ ಸಲ ಪೇಪರಿಗೂ ಒಂದಿಷ್ಟು ದುಡ್ಡು ಎತ್ತಿಟ್ಟಿದೀನಿ.