"ನನ್ನ ನಂಬರ್ ತೆಗೀರಿ ಅಣ್ಣ"

ಜೂನ್ 14, ವಿಶ್ವ ರಕ್ತದಾನಿಗಳ ದಿನ. ಶಿಬಿರ ಚೆನ್ನಾಗಿಯೇ ನಡೆಯಿತು. ಶಾಲು, ಸ್ಮರಣಿಕೆ, ಭಾಷಣ ಎಲ್ಲ ಆಯಿತು. ಮರುದಿನ ರಾತ್ರಿ 11.40ಕ್ಕೆ ಸುರತ್ಕಲ್‌ನ ಹುಡುಗನ ಮೆಸೇಜ್: "ನನ್ನ ನಂಬರ್ ತೆಗೀರಿ ಅಣ್ಣ. ಇನ್ನು ನನ್ನಿಂದ ಆಗುವುದಿಲ್ಲ."

ನಾಲ್ಕು ವರ್ಷದಿಂದ, ರಕ್ತದಾನಿಗಳನ್ನು ಹುಡುಕಿಕೊಡುವ ನಮ್ಮ ಗುಂಪಿಗೆ ಬರುವ ತುರ್ತು ಕರೆಗಳನ್ನೆಲ್ಲ ಎತ್ತುತ್ತಿದ್ದವನು ಅವನೊಬ್ಬನೇ. ಶಿಬಿರದ ವೇದಿಕೆಯಲ್ಲಿ ಅವನ ಹೆಸರನ್ನು ಯಾರೂ ಹೇಳಲಿಲ್ಲ. ರಕ್ತ ಕೊಟ್ಟು, ಜ್ಯೂಸ್ ಕುಡಿದು, ಕುರ್ಚಿ ಮಡಚಿಟ್ಟು ಹೋಗಿದ್ದ.

ಅವನ ಮೊಬೈಲ್‌ನಲ್ಲಿ ಆ ಒಂದು ದಿನವೇ 43 ಕರೆಗಳು. ಎಲ್ಲವೂ ಒಂದೇ ಮೆಸೇಜ್‌ನಿಂದ ಬಂದದ್ದು: "ತುರ್ತು, ಓ ನೆಗೆಟಿವ್ ಬೇಕು, ಸಂಪರ್ಕಿಸಿ." ಅದರಲ್ಲಿ ತಾರೀಕಿಲ್ಲ. ಆ ರೋಗಿ ಗುಣವಾಗಿ ಮನೆಗೆ ಹೋಗಿ ಹನ್ನೆರಡು ದಿನ ಕಳೆದಿದೆ, ಮೆಸೇಜ್ ಮಾತ್ರ ಇನ್ನೂ ಓಡಾಡುತ್ತಾ ಉಂಟು. ಇದರ ನಡುವೆ ನಿಜವಾಗಿ ರಕ್ತ ಬೇಕಾದವರೊಬ್ಬರು ಗದರಿದ್ದಾರೆ: "ಕೊಡಿಸಲಿಕ್ಕೆ ಆಗದಿದ್ದರೆ ನಂಬರ್ ಯಾಕೆ ಹಾಕಿದ್ದು?" ಅವರನ್ನು ತಪ್ಪೆನ್ನಲಾಗದು. ಕಾಸರಗೋಡು, ಕೊಡಗು, ಚಿಕ್ಕಮಗಳೂರಿನಿಂದ ಮಂಗಳೂರಿಗೆ ರೋಗಿಯನ್ನು ಕರೆತಂದವರಿಗೆ ಇಲ್ಲಿ ನೆಂಟರಿಲ್ಲ, ಗೆಳೆಯರಿಲ್ಲ. ಕೈಯಲ್ಲಿರುವುದು ಒಂದು ಫೋನ್ ನಂಬರ್ ಮಾತ್ರ. ತಪ್ಪು ನಮ್ಮದು. ಒಬ್ಬ ಹುಡುಗನ ಸ್ವಂತ ಸಿಮ್ಮನ್ನು ಇಡೀ ಜಿಲ್ಲೆಗೆ ಹಂಚಿ, ಅದನ್ನೇ ಸೇವೆ ಎಂದು ಕರೆದೆವು.

ಈ ಕೆಲಸಕ್ಕೆ ಮೊದಲು ಬೇಕಾದದ್ದು ಯಾರ ಸ್ವಂತದ್ದೂ ಅಲ್ಲದ ಒಂದು ಫೋನ್. ಅದು ಕೈಯಿಂದ ಕೈಗೆ ಹೋಗಬೇಕು. ಒಬ್ಬರಿಗೆ ಒಂದು ವಾರ, ಜೊತೆಗೆ ಬದಲಿ ಒಬ್ಬರು. ರಾತ್ರಿ ಹತ್ತರ ನಂತರದ ಕರೆಗೆ ಬೇರೆಯವರೇ ಇರಬೇಕು, ಬೆಳಿಗ್ಗೆ ಕೆಲಸಕ್ಕೆ ಹೋಗುವವರಿಗೆ ಅದನ್ನು ಕೊಡಲೇಬಾರದು. ಕರೆ ಬಂದ ಕೂಡಲೇ ಗುಂಪಿಗೆ ಮೆಸೇಜ್ ಹಾಕುವುದಲ್ಲ. ರೋಗಿಯ ಹೆಸರು, ಆಸ್ಪತ್ರೆ, ವಾರ್ಡ್ ಕೇಳಿಕೊಂಡು ಅಲ್ಲಿನ ರಕ್ತನಿಧಿಗೆ ಫೋನ್ ಮಾಡಬೇಕು: ಬೇಕಾದದ್ದು ಕೆಂಪು ರಕ್ತಕಣವೋ, ಪ್ಲೇಟ್‌ಲೆಟ್ಟೋ? ಎಷ್ಟು ಯೂನಿಟ್, ಎಷ್ಟು ಹೊತ್ತಿಗೆ? ರೋಗಿಯ ರಕ್ತದ ಗುಂಪಿನವರೇ ಬೇಕೋ, ಬಳಸಿದ ರಕ್ತಕ್ಕೆ ಬದಲಿಯಾಗಿ ಯಾವ ಗುಂಪಾದರೂ ಸಾಕೋ? ಈ ಕೊನೆಯ ಪ್ರಶ್ನೆ ಕೇಳದೆ ಅಪರೂಪದ ಗುಂಪಿನವರನ್ನು ಸುಮ್ಮನೆ ಓಡಿಸಿದ್ದು ಉಂಟು. ಪ್ಲೇಟ್‌ಲೆಟ್ ಕೊಡಲು ಉಡುಪಿಯಿಂದ ಬಂದವರನ್ನು, ಹಿಂದಿನ ದಿನ ಆಸ್ಪಿರಿನ್ ನುಂಗಿದ್ದಾರೆಂದು ವಾಪಸ್ ಕಳಿಸಿದ್ದೂ ಉಂಟು. ಆ ಮಾತ್ರೆ ತಿಂದು ಮೂರು ದಿನ ಕಳೆದಿರಬೇಕು ಎಂಬುದನ್ನು ಫೋನಿನಲ್ಲೇ ಕೇಳಬಹುದಿತ್ತು.

ಮೆಸೇಜ್‌ನಲ್ಲಿ ತಾರೀಕು, ಸಮಯ, "ಇಂದು ಸಂಜೆ 6ರವರೆಗೆ ಮಾತ್ರ" ಎಂಬ ಸಾಲು ಇರಲೇಬೇಕು. ದಾನಿ ಸಿಕ್ಕಿದ ಮೇಲೆ "ಸಿಕ್ಕಿದೆ, ಇನ್ನು ಯಾರಿಗೂ ಕಳಿಸಬೇಡಿ" ಎಂದು ಹಾಕುವವರೆಗೆ ಆ ಕೆಲಸ ಮುಗಿದಿಲ್ಲ.

ಖರ್ಚಿನ ವಿಷಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ತಡರಾತ್ರಿ ರಕ್ತ ಕೊಟ್ಟು ಹೊರಬಂದ ದಾನಿಗೆ ಸಿಟಿ ಬಸ್ಸು ಸಿಗುವುದಿಲ್ಲ, ಸುರತ್ಕಲ್‌ಗೋ ಮುಲ್ಕಿಗೋ ರಿಕ್ಷಾ ಮಾಡಬೇಕು. ಆ ಬಾಡಿಗೆಯನ್ನು ಇಷ್ಟು ವರ್ಷ ಈ ಹುಡುಗ ತನ್ನ ಸಂಬಳದಿಂದ ಕೊಟ್ಟಿದ್ದಾನೆ, ಒಮ್ಮೆಯೂ ಲೆಕ್ಕ ಕೊಟ್ಟವನಲ್ಲ. ರಕ್ತಕ್ಕೆ ದುಡ್ಡು ಕೊಡಬಾರದು, ಅದು ಸರಿ. ಮನೆಗೆ ಮುಟ್ಟಿಸುವ ರಿಕ್ಷಾ ಬಾಡಿಗೆ ರಕ್ತದ ಬೆಲೆಯಲ್ಲ. ಶಾಲು, ಸ್ಮರಣಿಕೆಯ ದುಡ್ಡಿನಲ್ಲಿ ಅರ್ಧ ತೆಗೆದಿಟ್ಟರೂ ಅದಕ್ಕೊಂದು ನಿಧಿ ಆಗುತ್ತದೆ.

ಶಿಬಿರ ಮಾಡುವವರ ಬಗ್ಗೆಯೂ ಒಂದು ಮಾತು. ಎಲ್ಲರಿಗೂ ಜೂನ್ 14 ಬೇಕು, ಇಲ್ಲವೇ ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನವಾದ ಅಕ್ಟೋಬರ್ 1 ಬೇಕು. ಆದರೆ ತೆಗೆದಿಟ್ಟ ಪ್ಲೇಟ್‌ಲೆಟ್ ಉಳಿಯುವುದು ಐದೇ ದಿನ. ಕೆಂಪು ರಕ್ತಕಣ ಹೆಚ್ಚೆಂದರೆ 42 ದಿನ. ಗಂಡಸರು ಮತ್ತೆ ಕೊಡಬೇಕಾದರೆ 90 ದಿನ ಆಗಬೇಕು, ಹೆಂಗಸರಿಗೆ 120. ಜೂನ್‌ನಲ್ಲಿ ಒಂದೇ ದಿನ ಎಲ್ಲರ ರಕ್ತ ತೆಗೆದರೆ, ಮಳೆ ಜೋರಾಗಿ ಡೆಂಗಿ ಹೆಚ್ಚುವ ಹೊತ್ತಿಗೆ ಅದರ ಪ್ಲೇಟ್‌ಲೆಟ್ ಇರುವುದಿಲ್ಲ, ಕೊಟ್ಟವರನ್ನು ಮತ್ತೆ ಕರೆಯುವ ಹಾಗೂ ಇಲ್ಲ. ಏಪ್ರಿಲ್, ಮೇಯಲ್ಲಿ ಕಾಲೇಜಿನ ಮಕ್ಕಳು ಊರಿಗೆ ಹೋದಾಗ ಶಿಬಿರ ಮಾಡಲು ಯಾರೂ ಮುಂದೆ ಬರುವುದಿಲ್ಲ. ಆ ತಿಂಗಳುಗಳ ಕೊರತೆಯೆಲ್ಲ ಬಂದು ಬೀಳುವುದು ಫೋನ್ ಹಿಡಿದವನ ತಲೆಯ ಮೇಲೆ.

"ಇನ್ನು ನನ್ನಿಂದ ಆಗುವುದಿಲ್ಲ." ಅವನಿಗೆ ಮನಸ್ಸಿಲ್ಲದೆ ಬರೆದದ್ದಲ್ಲ ಅದು. ಈ ವಾರ ಹೊಸ ಸಿಮ್ ಬಂದಿದೆ, ಐದು ಮಂದಿ ವಾರ ಹಂಚಿಕೊಂಡಿದ್ದಾರೆ. ಹಳೆಯ ನಂಬರನ್ನು ಪಟ್ಟಿಯಿಂದ ತೆಗೆದಾಯಿತು. ದಾನಿಗಳ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಅವನೇ ಹೇಳಿ ಬರೆಸಿದ ಸಾಲು ಹೀಗಿದೆ: "ಸೆಪ್ಟೆಂಬರ್ 12ರ ನಂತರ ಕರೆಯಬಹುದು. ರಾತ್ರಿ ಒಂಬತ್ತರ ಒಳಗೆ."