60 ನಿಮಿಷದ ಕ್ಯಾಸೆಟ್ಟು, 12 ಹಾಡು

ಈಗಲೂ ಎಲ್ಲಾದರೂ ‘ಹೇ ದಿನಕರ’ ಕೇಳಿಸಿದರೆ ಸಾಕು, ಅದು ಮುಗಿಯುವ ಹೊತ್ತಿಗೆ ನನ್ನ ಕಿವಿ ‘ನೂರು ಜನ್ಮಕು’ ಶುರುವಾಗಲಿ ಅಂತ ಕಾಯುತ್ತಿರುತ್ತದೆ. ಎರಡಕ್ಕೂ ಏನೂ ಸಂಬಂಧವಿಲ್ಲ. ಒಂದು ‘ಓಂ’ ಸಿನಿಮಾದ್ದು, ಹಂಸಲೇಖ ಸಂಗೀತ, ಅಣ್ಣಾವ್ರ ದನಿ. ಇನ್ನೊಂದು ‘ಅಮೆರಿಕಾ ಅಮೆರಿಕಾ’ದ್ದು, ಮನೋಮೂರ್ತಿ ಸಂಗೀತ, ಹಾಡಿದ್ದು ರಾಜೇಶ್ ಕೃಷ್ಣನ್. ಆದರೆ ನಮ್ಮ ಕ್ಯಾಸೆಟ್ಟಿನ ಎ ಸೈಡಿನಲ್ಲಿ ಅವು ಒಂದರ ಹಿಂದೆ ಒಂದು ಬರುತ್ತಿದ್ದವು. ನಡುವೆ ಒಂದು ಸಣ್ಣ ‘ಟಕ್’ ಸದ್ದು. ಆ ಟಕ್ ಕೂಡ ನನಗೆ ಹಾಡಿನ ಭಾಗವೇ.

ನಾವು ನಾಲ್ಕು ಜನ ಗೆಳತಿಯರು. 1997ರಲ್ಲಿ ಬೆಂಗಳೂರಿನ ಒಂದು ಶಾಲೆಯಲ್ಲಿ ಹತ್ತನೇ ಕ್ಲಾಸು, ಕಿಟಕಿ ಪಕ್ಕದ ಮೂರನೇ ಬೆಂಚು. ನಮ್ಮ ಅಕ್ಕಂದಿರಿಗೆ 1987ರ ‘ಪ್ರೇಮಲೋಕ’ ಇತ್ತು, ಅವರು ಅದರ ಹಾಡುಗಳನ್ನು ಕೂತಲ್ಲಿ ನಿಂತಲ್ಲಿ ಹಾಡಿಕೊಂಡು ಬೆಳೆದವರು. ನಮಗೂ ನಮ್ಮದೇ ಅನ್ನುವ ಹಾಡುಗಳು ಬೇಕಿತ್ತು. ಸಿಕ್ಕವು ಕೂಡ.

ಹಾಡು ಸಿಗುವುದು ಆಗ ಸುಲಭ ಇರಲಿಲ್ಲ ಅಲ್ವಾ. ರೇಡಿಯೋದಲ್ಲಿ ಕೋರಿಕೆ ಕಾರ್ಯಕ್ರಮ, ಟೀವಿಯಲ್ಲಿ ವಾರಕ್ಕೊಮ್ಮೆ ಚಿತ್ರಮಂಜರಿ. ಬೇಕಾದ ಹಾಡು ಬಂದರೆ ಬಂತು, ಇಲ್ಲದಿದ್ದರೆ ಮುಂದಿನ ವಾರ. ಸಾಹಿತ್ಯ ಬರೆದುಕೊಳ್ಳುವುದಕ್ಕೆ ನಾವು ಕೆಲಸ ಹಂಚಿಕೊಂಡಿದ್ದೆವು: ಒಬ್ಬಳು ಪಲ್ಲವಿ ಹಿಡಿಯಬೇಕು, ಇಬ್ಬರು ಒಂದೊಂದು ಚರಣ, ನಾಲ್ಕನೆಯವಳು ಯಾರಿಗೂ ಸಿಗದೇ ಹೋದ ಪದಗಳನ್ನು. ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಎಲ್ಲರ ಚೀಟಿ ಸೇರಿಸಿ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಒಂದು ಮಾಡುತ್ತಿದ್ದೆವು. ಕೆಲವು ಹಾಡು ಪೂರ್ತಿಯಾಗುವುದಕ್ಕೆ ಎರಡು ಮೂರು ವಾರ ಹಿಡಿದದ್ದುಂಟು. ಅಷ್ಟರಲ್ಲಿ ಅದು ಬಾಯಿಪಾಠವಾಗಿ ಹೋಗಿರುತ್ತಿತ್ತು.

ಕ್ಯಾಸೆಟ್ಟಿನ ಯೋಚನೆ ಬಂದದ್ದು ಕಡಲೆಕಾಯಿ ಪರಿಷೆಯಲ್ಲಿ. ಕಾರ್ತಿಕದ ಕಡೆಯ ಸೋಮವಾರ, ಬುಲ್ ಟೆಂಪಲ್ ರಸ್ತೆ ತುಂಬಾ ಜನ. ದೊಡ್ಡಗಣಪತಿಗೆ ಕೈಮುಗಿದು, ಕಡಲೆಕಾಯಿ ಪೊಟ್ಟಣ ಹಿಡಿದು ನಿಂತಿದ್ದಾಗ ಮೈಕಿನಲ್ಲಿ ‘ಜನುಮದ ಜೋಡಿ’ಯ ‘ಕೋಲುಮಂಡೆ’ ಬಂತು. ಎಲ್.ಎನ್. ಶಾಸ್ತ್ರಿ ಅವರ ಆ ದನಿ! ಜನರ ಗದ್ದಲ, ತುತ್ತೂರಿ, ಬಲೂನಿನವರು, ಎಲ್ಲದರ ಮೇಲೆ ಆ ದನಿ ತೇಲಿ ಬರುತ್ತಿತ್ತು, ನಾವು ಹಾಡು ಮುಗಿಯುವವರೆಗೂ ಅಲ್ಲಿಂದ ಕದಲಲಿಲ್ಲ. ಆಮೇಲೆ ನಮ್ಮ ಗುಂಪಿನ ರಾಜ್‌ಕುಮಾರ್ ಅಭಿಮಾನಿ ಹೇಳಿದಳು: ಮಾರ್ಚ್ ಆದ ಮೇಲೆ ನಾವು ನಾಲ್ಕು ಜನ ಒಂದೇ ಕಡೆ ಇರಲ್ಲ, ನಮ್ಮ ಹಾಡುಗಳನ್ನಾದರೂ ಒಂದು ಕಡೆ ಇಡೋಣ.

ಗಾಂಧಿ ಬಜಾರಿನ ಪಕ್ಕದ ರಸ್ತೆಯಲ್ಲಿ ಒಂದು ಸಣ್ಣ ಅಂಗಡಿ ಇತ್ತು. ಪಟ್ಟಿ ಬರೆದುಕೊಟ್ಟರೆ ಹಾಡು ತುಂಬಿಸಿ ಕೊಡುತ್ತಿದ್ದರು. ತಲೆಗೆ ಹತ್ತು ರೂಪಾಯಿಯಂತೆ ನಲವತ್ತು ಸೇರಿಸಿದೆವು. 90 ನಿಮಿಷದ್ದು ಕೊಡಿ ಅಂದರೆ ಅಂಗಡಿಯವರು ಬೇಡ ಅಂದರು, ಅದರ ಟೇಪು ತೆಳು, ಬೇಗ ಸುತ್ತಿಕೊಳ್ಳುತ್ತೆ, 60ರದ್ದೇ ತಗೊಳ್ಳಿ ಅಂದರು. ಸೈಡಿಗೆ 30 ನಿಮಿಷ. ಒಂದು ಹಾಡಿಗೆ ಐದು ನಿಮಿಷ ಅಂತ ಲೆಕ್ಕ ಹಾಕಿ ಸೈಡಿಗೆ ಆರು, ಒಟ್ಟು 12, ತಲಾ ಮೂರು. ಅವರು ಪಟ್ಟಿ ನೋಡಿ, ಬಿ ಸೈಡಿನಲ್ಲಿ ಆರು ಹಿಡಿಸಲ್ಲಮ್ಮ, ಐದೇ ಮಾಡಿ ಅಂತಲೂ ಹೇಳಿದರು. ನಾವು ಕೇಳಲಿಲ್ಲ. ಯಾರ ಹಾಡು ತೆಗೆಯೋದು?

ಆ ಪಟ್ಟಿ ಮಾಡಿದ್ದು ನಾನು ಮರೆಯದ ವಿಷಯ. ಒಂದು ವಾರ ಊಟದ ಬಿಡುವೆಲ್ಲ ಅದಕ್ಕೇ ಹೋಯಿತು. ಅಣ್ಣಾವ್ರ ಅಭಿಮಾನಿಯ ಮೂರೂ ಹಾಡು ಅಣ್ಣಾವ್ರದೇ, ಅದರಲ್ಲಿ ಚರ್ಚೆಯೇ ಇಲ್ಲ. ಹನುಮಂತನಗರದಿಂದ ಬರುತ್ತಿದ್ದವಳು ಎಸ್‌ಪಿಬಿ ಬಿಟ್ಟು ಬೇರೆಯವರನ್ನು ಒಪ್ಪುತ್ತಿರಲಿಲ್ಲ. ನಾನು ‘ಕೋಲುಮಂಡೆ’, ‘ನೂರು ಜನ್ಮಕು’ ಜೊತೆಗೆ ಅದೇ ವರ್ಷ ಬಂದಿದ್ದ ‘ನಾಗಮಂಡಲ’ದಿಂದ ಒಂದು ಆರಿಸಿಕೊಂಡೆ. ಸಿ. ಅಶ್ವತ್ಥ್ ಅವರ ಸಂಗೀತ ಕೇಳಿದರೆ ಧಾರವಾಡದ ಕಡೆಯ ನಮ್ಮ ಅಜ್ಜಿ ಮನೆ ನೆನಪಾಗುತ್ತಿತ್ತು. ನಾಲ್ಕನೆಯವಳು ಮಾತು ಕಮ್ಮಿ. ಅವಳು ಕೊನೆಗೆ ಬರೆದ ಹಾಡು ‘ಯಾವ ಮೋಹನ ಮುರಳಿ’. ಅದು ಬಿ ಸೈಡಿನ ಆರನೇ ಹಾಡಾಯಿತು.

ಕ್ಯಾಸೆಟ್ಟು ಬಂದ ದಿನ ನಮ್ಮ ಮನೆಯಲ್ಲೇ ಸೇರಿ ಕೇಳಿದೆವು. ಎ ಸೈಡು ಚೆನ್ನಾಗಿ ಬಂದಿತ್ತು. ಬಿ ಸೈಡಿನಲ್ಲಿ ‘ಮೋಹನ ಮುರಳಿ’ ಇನ್ನೂ ಮುಗಿದಿರಲಿಲ್ಲ, ಟೇಪು ಮುಗಿದುಹೋಯಿತು. ಕಟಕ್ ಅಂತ ಬಟನ್ ಮೇಲೆದ್ದಿತು. ಅವಳು ಏನೂ ಅನ್ನಲಿಲ್ಲ. ಆದರೆ ಮುಖ ಸಣ್ಣದಾದದ್ದು ನಾವೆಲ್ಲ ನೋಡಿದೆವು, ಅಂಗಡಿಯವರ ಮಾತು ಕೇಳಬೇಕಿತ್ತು ಅಂತ ನನಗೆ ಇವತ್ತಿಗೂ ಅನಿಸುತ್ತದೆ.

ಮಾರನೇ ದಿನ ಅವಳು ಕನ್ನಡ ಮೇಡಂ ಹತ್ತಿರ ಹೋಗಿ ಆ ಹಾಡು ಯಾವುದು ಅಂತ ಕೇಳಿದಳಂತೆ. ಅದು ಸಿನಿಮಾಕ್ಕೆ ಬರೆದದ್ದಲ್ಲ, ಗೋಪಾಲಕೃಷ್ಣ ಅಡಿಗರ ಪದ್ಯ, ಸಿನಿಮಾಕ್ಕಿಂತ ಎಷ್ಟೋ ಹಳೆಯದು ಅಂತ ಮೇಡಂ ಹೇಳಿದರು. ಲೈಬ್ರರಿಯಿಂದ ಪುಸ್ತಕವನ್ನೂ ತೆಗೆಸಿಕೊಟ್ಟರು. ನಮ್ಮ ಟೇಪು ನಿಂತ ಮೇಲೆಯೇ ಆ ಪದ್ಯದ ಅತಿ ಪ್ರಸಿದ್ಧ ಸಾಲು ಬರುವುದು, ಎಲ್ಲರೂ ಭಾಷಣದಲ್ಲಿ, ಮದುವೆ ಮನೆಯಲ್ಲಿ, ಎಲ್ಲೆಲ್ಲೂ ಹೇಳುವ ಆ ಸಾಲು. ನಮ್ಮ ಕ್ಯಾಸೆಟ್ಟಿನಲ್ಲಿ ಅದೇ ಇರಲಿಲ್ಲ. ಅವಳು ಉಳಿದದ್ದನ್ನೆಲ್ಲ ಪುಟ್ಟ ಅಕ್ಷರದಲ್ಲಿ, ಕ್ಯಾಸೆಟ್ ಡಬ್ಬಿಯ ಒಳಗಿನ ಕಾಗದದ ಹಿಂದೆ ನೀಲಿ ಇಂಕಿನಲ್ಲಿ ಬರೆದಿಟ್ಟಳು.

ಕ್ಯಾಸೆಟ್ಟು ವಾರಕ್ಕೊಬ್ಬರ ಮನೆಯಲ್ಲಿ ಇರುತ್ತಿತ್ತು. ಯಾರೂ ಮೇಲೆ ರೆಕಾರ್ಡ್ ಮಾಡದಿರಲಿ ಅಂತ ಮೇಲಿನ ಎರಡು ಪ್ಲಾಸ್ಟಿಕ್ ಕಿವಿ ಮುರಿದಿದ್ದೆವು. ಟೇಪು ಸಡಿಲವಾದರೆ ಪೆನ್ಸಿಲ್ ತೂರಿಸಿ ತಿರುಗಿಸುವುದು, ಆರು ಮೂಲೆಯ ಪೆನ್ಸಿಲ್ಲೇ ಆಗಬೇಕು, ಆ ಚಕ್ರದ ಹಲ್ಲಿಗೆ ಅದೇ ಹಿಡಿಯುವುದು. ಬ್ಯಾಟರಿ ಇಳಿದಾಗ ಎಸ್‌ಪಿಬಿ ದನಿ ನಿಧಾನವಾಗಿ ದಪ್ಪಗಾಗುತ್ತಿತ್ತು, ಆಗ ಹನುಮಂತನಗರದವಳಿಗೆ ನಿಜವಾಗಿ ಸಂಕಟವಾಗುತ್ತಿತ್ತು. ಪರೀಕ್ಷೆಗೆ ಓದುವಾಗಲೂ ಹಾಡು ಇರಬೇಕಿತ್ತು. ಸಮಾಜದ ಇಡೀ ಒಂದು ಪಾಠ ನನ್ನ ತಲೆಯಲ್ಲಿ ‘ಕೋಲುಮಂಡೆ’ಯ ಜೊತೆಯೇ ಕೂತಿದೆ.

1998ರ ಮಾರ್ಚ್ ಆಯಿತು. ಬೇರೆ ಬೇರೆ ಕಾಲೇಜು. 2001ರ ಜುಲೈನಲ್ಲಿ ನಮ್ಮ ಬೆಂಗಳೂರಿನಲ್ಲೇ ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾಯಿತು, ಆಮೇಲೆ ಸಿ.ಡಿ., ಆಮೇಲೆ ಮೊಬೈಲು. 2006ರ ಕೊನೆಯಲ್ಲಿ ‘ಮುಂಗಾರು ಮಳೆ’ ಬಂದು ಊರೆಲ್ಲ ಮನೋಮೂರ್ತಿ ಅವರ ಹೆಸರು ಹೇಳುತ್ತಿದ್ದಾಗ ನನಗೆ ತುಂಬಾ ಖುಷಿಯಾಯಿತು. ನಮ್ಮ ಎ ಸೈಡಿನವರು! 2020ರ ಸೆಪ್ಟೆಂಬರ್ 25ರಂದು ಎಸ್‌ಪಿಬಿ ಹೋದಾಗ ಹನುಮಂತನಗರದವಳಿಗೆ ಫೋನ್ ಮಾಡಿದೆ. ಇಬ್ಬರೂ ಜಾಸ್ತಿ ಮಾತಾಡಲಿಲ್ಲ, ಸುಮ್ನೆ ಫೋನ್ ಹಿಡಿದುಕೊಂಡಿದ್ದೆವು.

ಹೋದ ವರ್ಷ ಹಳೆಯ ವಿದ್ಯಾರ್ಥಿಗಳು ಶಾಲೆಯಲ್ಲಿ ಸೇರಿದಾಗ ನಾಲ್ಕೂ ಜನ ಬಂದಿದ್ದೆವು. ಊಟ ಆದ ಮೇಲೆ ಹೊಂಗೆ ಮರದ ಕಟ್ಟೆಯ ಮೇಲೆ ಕೂತು ಹಾಡತೊಡಗಿದೆವು. ಅಣ್ಣಾವ್ರ ಹಾಡಿನಿಂದ ಶುರು. ಅದು ಮುಗಿದ ಕೂಡಲೇ, ಯಾರೂ ಯಾರನ್ನೂ ನೋಡದೆ, ನಾಲ್ಕೂ ಜನ ಒಟ್ಟಿಗೆ ಎರಡನೆಯದು ಎತ್ತಿಕೊಂಡೆವು. ಆಮೇಲೆ ಮೂರನೆಯದು. ಪಟ್ಟಿ ಹಾಗೇ ಇತ್ತು, ಒಂದೂ ಹಿಂದುಮುಂದಾಗಲಿಲ್ಲ. ಆರು ಆದ ಮೇಲೆ ಸ್ವಲ್ಪ ನೀರು ಕುಡಿದು, ಬಿ ಸೈಡು.

ಕೊನೆಯ ಹಾಡಿಗೆ ಬಂದಾಗ ಬಿಸಿಲು ಇಳಿದಿತ್ತು. ಟೇಪು ನಿಲ್ಲುತ್ತಿದ್ದ ಪದದ ಹತ್ತಿರ ಬಂದು ನಾವು ಮೂರು ಜನ ನಿಂತುಬಿಟ್ಟೆವು, 28 ವರ್ಷದ ಅಭ್ಯಾಸ. ಅವಳೊಬ್ಬಳು ನಿಲ್ಲಲಿಲ್ಲ. ಕಣ್ಣು ಮುಚ್ಚಿಕೊಂಡು, ಮೆಲ್ಲಗೆ, ನೀಲಿ ಇಂಕಿನಲ್ಲಿ ಬರೆದಿದ್ದ ಸಾಲುಗಳನ್ನು ಕೊನೆಯವರೆಗೂ ಹಾಡಿದಳು.