ಸಾಕಿದ ಮರಿಗಳನ್ನು ಹಳ್ಳಕ್ಕೆ ಏಕೆ ಬಿಡುವುದಿಲ್ಲ?

ಮೂಡಿಗೆರೆಯ ನಮ್ಮ ಮನೆಗೆ ಬಂದವರು ಜಗಲಿಯ ತೊಟ್ಟಿಗಳಲ್ಲಿರುವ ಡ್ಯಾನಿಯೊ ಎಂಬ ಪುಟ್ಟ ಮೀನಿನ ಮರಿಗಳನ್ನು ನೋಡಿ ಕೇಳುವುದು ಒಂದೇ ಮಾತು: "ಇವು ನಮ್ಮ ಹಳ್ಳದ ಮೀನೇ ಅಲ್ಲವೇ? ಇಷ್ಟೊಂದು ಇರುವಾಗ ನಾನೂರು ಮರಿ ಹಳ್ಳಕ್ಕೆ ಬಿಟ್ಟರೆ ಪುಣ್ಯವಲ್ಲವೇ?"

ಬಿಡುವುದಿಲ್ಲ. ಕೇಳುವವರ ಮನಸ್ಸು ಒಳ್ಳೆಯದು, ಅದಕ್ಕೇ ಬಿಡಿಸಿ ಹೇಳುತ್ತೇನೆ.

ಮರಿ ಮಾಡಿಸುವುದು ಕಷ್ಟವಲ್ಲ. ತೊಟ್ಟಿಯ ತಳಕ್ಕೆ ಗೋಲಿ ಹರಡಿ, ಪಾಚಿ ಹಾಕಿ, ಸಂಜೆ ಜೋಡಿಯನ್ನು ಬಿಟ್ಟರೆ ಬೆಳಗಿನ ಬೆಳಕಿಗೆ ಮೊಟ್ಟೆ ಚೆಲ್ಲುತ್ತವೆ. ಕೂಡಲೇ ದೊಡ್ಡವನ್ನು ಎತ್ತಿಬಿಡಬೇಕು, ಇಲ್ಲದಿದ್ದರೆ ತಮ್ಮ ಮೊಟ್ಟೆಯನ್ನು ತಾವೇ ತಿನ್ನುತ್ತವೆ. ಒಂದೆರಡು ದಿನದಲ್ಲಿ ಮರಿ ಹೊರಬಂದು ಗಾಜಿಗೆ ಅಂಟಿ ನೇತಾಡುತ್ತದೆ. ಎರಡು ಕಪ್ಪು ಕಣ್ಣು, ಉಳಿದದ್ದೆಲ್ಲ ನೀರಿನ ಬಣ್ಣದ ಎಳೆ.

ಆದರೆ ಈ ಮರಿ ಕಲಿಯುವುದೇನು? ನನ್ನ ನೆರಳು ಬಿದ್ದರೆ ಸಾಕು, ಇಡೀ ಹಿಂಡು ಬಾಯ್ದೆರೆದು ಮೇಲಕ್ಕೆ ಬರುತ್ತದೆ. ಅವಕ್ಕೆ ನೆರಳೆಂದರೆ ಊಟ. ಹಳ್ಳದಲ್ಲಿ ನೆರಳೆಂದರೆ ಮಿಂಚುಳ್ಳಿ. ಸಾಲದ್ದಕ್ಕೆ ಎಲ್ಲವೂ ಆರೇ ಮೀನುಗಳ ಸಂತಾನ, ಅಂಗಡಿಯ ಗಿಡಗಳೊಂದಿಗೆ ಬಂದ ರೋಗವೂ ಮೈಯಲ್ಲಿರಬಹುದು.

ಇನ್ನೂ ದೊಡ್ಡ ಮಾತೊಂದಿದೆ. ಮೂಡಿಗೆರೆ, ಕಳಸದ ಬೆಟ್ಟಗಳ ಮಳೆ ಮೂರು ದಾರಿ ಹಿಡಿಯುತ್ತದೆ: ಹೇಮಾವತಿಯಾಗಿ ಕಾವೇರಿಗೆ, ಭದ್ರೆಯಾಗಿ ಕೃಷ್ಣೆಗೆ, ಘಟ್ಟ ಇಳಿದು ನೇತ್ರಾವತಿಗೆ. ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣ ರಾವ್ 1920ರಲ್ಲಿ ಜೀಬ್ರಾ ಲೋಚ್ ಎಂಬ ಪಟ್ಟೆ ಮೀನನ್ನು ವಿಜ್ಞಾನಕ್ಕೆ ಪರಿಚಯಿಸಿದ್ದು ಶಿವಮೊಗ್ಗದ ತುಂಗೆಯಿಂದ. ಕೃಷ್ಣೆಯ ಕಡೆಯ ಆ ಮೀನನ್ನು "ನಮ್ಮ ಮಲೆನಾಡಿನದೇ" ಎಂದು ಹೇಮಾವತಿಗೆ ಬಿಟ್ಟರೆ, ಹೊರಗಿನ ಮೀನನ್ನು ಬಿಟ್ಟಂತೆಯೇ.

ನನ್ನ ಮರಿಗಳು ಸಾಕುವವರ ತೊಟ್ಟಿಗಳಿಗೇ ಹೋಗುತ್ತವೆ. ಅಷ್ಟರ ಮಟ್ಟಿಗೆ ಹಳ್ಳಕ್ಕೆ ಬಲೆ ಬೀಳುವುದು ತಪ್ಪುತ್ತದೆ.

ಹಳ್ಳದಲ್ಲಿ ಮೀನು ಕಡಿಮೆಯಾದದ್ದು ಮರಿಗಳ ಕೊರತೆಯಿಂದಲ್ಲ. ಕಾಫಿ ಕೊಯ್ಲಿನ ಕಾಲದಲ್ಲಿ ಪಲ್ಪರ್ ನೀರು, ಅಂದರೆ ಹಣ್ಣಿನ ಸಿಪ್ಪೆ ಸುಲಿದು ತೊಳೆದ ನೀರು, ಹಳ್ಳಕ್ಕೆ ಸೇರಿದರೆ, ಅದರಲ್ಲಿರುವ ಸಕ್ಕರೆ ಕೊಳೆಯುತ್ತಾ ಆಮ್ಲಜನಕವನ್ನು ಹೀರಿಬಿಡುತ್ತದೆ. ಒಂದು ಜನವರಿಯಲ್ಲಿ ನಮ್ಮ ಕೆಳಗಿನ ಮಡುವಿನ ನೀರು ಕಂದಾಗಿ ಹುಳಿ ನಾರುತ್ತಿತ್ತು, ಡ್ಯಾನಿಯೊಗಳು ಬಾಯಿ ಮೇಲೆತ್ತಿ ಗಾಳಿಗಾಗಿ ಒದ್ದಾಡುತ್ತಿದ್ದವು. ಅಲ್ಲಿಗೆ ನಾನೂರು ಮರಿ ಸುರಿದಿದ್ದರೆ ನಾನೂರೂ ಸಾಯುತ್ತಿದ್ದವು. ಮುಂದಿನ ವರ್ಷ ತೋಟದವರು ಆ ನೀರನ್ನು ಗುಂಡಿ ತೋಡಿ ನಿಲ್ಲಿಸಿದರು. ಮಳೆಗಾಲ ಮುಗಿಯುವಷ್ಟರಲ್ಲಿ ಮೇಲಿನ ತೊರೆಯಿಂದ ಇಳಿದ ಮೀನುಗಳೇ ಮಡುವನ್ನು ತುಂಬಿದ್ದವು.